ಒಬ್ಬ ಕೆಳಗೆ, ಒಬ್ಬ ಮೇಲೆ

ಲಾಸ್ಟೊವೊ ದ್ವೀಪ
ಆಗಸ್ಟ್ ಮೂರು, ಸೋಮವಾರ

ನನ್ನ ಮುದ್ದು ಲೊವ್ರೆ,

ಹೇಗಿದ್ದೀಯ ಮಗಾ? ರಿಯೇಕಾದ ಹಡಗುಕಟ್ಟೆಯವರು ಹೊಟ್ಟೆ ತುಂಬ ಊಟ ಹಾಕುತ್ತಾರೋ, ಬರೀ ತಿಳಿಸಾರು ಕುಡಿಸುತ್ತಾರೋ? ಕೆಮ್ಮು ಹೋಯಿತೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಂಜೂರ ಒಣಹಾಕಿದ್ದೇನೆ. ನಿನ್ನ ಪಾಲನ್ನು ಇಲಿಗಳಿಗೂ ನಿನ್ನ ಚಿಕ್ಕತಾತ ಜೋರ್ಜಿಗೂ ಸಿಗದ ಹಾಗೆ ಎತ್ತಿಟ್ಟಿದ್ದೇನೆ.

ಈಗ ಜಗಳಕ್ಕೆ ಬರೋಣ. ಸಂತ ರೋಕ್ ಹಬ್ಬಕ್ಕೆ ಬಂದು, ಕೊಲ್ಲಿಯ ತಳದಿಂದ ಬಿಳಿಕಲ್ಲು ಎತ್ತುವ ಪಂದ್ಯಕ್ಕೆ ಮತ್ತೆ ಇಳಿಯುತ್ತೇನೆ ಅಂತ ಬರೆದಿದ್ದೀಯ. ಹೋದ ವರ್ಷ ಆದದ್ದಕ್ಕೆ 'ಹೊಟ್ಟೆ ಕೆಟ್ಟಿತ್ತು' ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಕಿವಿ ಮೇಲೆ ಹೂವು ಇಡಬೇಡ, ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಮುಳುಗುವ ಮುಂಚೆ ನೀನು ತಿದಿ ಒತ್ತಿದ ಹಾಗೆ ಬುಸುಬುಸು ಉಸಿರಾಡಿದೆ. ನಿನ್ನ ತಾತ ಮನೆಯ ಗಂಡಸರಿಗೆಲ್ಲ ಕಲಿಸಿಹೋದ ವಿದ್ಯೆ ಅದು! ಕಲ್ಲು ಹಿಡಿದು ಮೇಲೆ ಬಂದೆ, ಇನ್ನೇನು ತಲೆ ಹೊರಗೆ ಬರಬೇಕು, ಅಷ್ಟರಲ್ಲಿ ಸುಮ್ಮನಾಗಿಬಿಟ್ಟೆ. ಒದ್ದಾಡಲಿಲ್ಲ, ಕೈ ಬೀಸಲಿಲ್ಲ. ನಿನ್ನ ಜೊತೆಗಾರ ತೋಮಾ ತಲೆಗೂದಲು ಹಿಡಿದು ಎಳೆಯದಿದ್ದರೆ ಈ ಕಾಗದ ಬರೆಯಲು ನನಗೆ ಯಾರಿರುತ್ತಿದ್ದರು?

ಡೈವಿಂಗ್ ಕಲಿಸುವ ಯೆಲೆನಾಳನ್ನು ಕೇಳಿದೆ. ಹಾಗೆ ಬುಸುಗುಟ್ಟಿದರೆ ಎದೆಯಲ್ಲಿ ಗಾಳಿ ಹೆಚ್ಚೇನೂ ಉಳಿಯುವುದಿಲ್ಲವಂತೆ. 'ಉಸಿರು ಬೇಕು' ಅಂತ ಮೈ ಕೂಗುವುದು ಮಾತ್ರ ನಿಂತುಹೋಗುತ್ತದಂತೆ. ಗೊತ್ತೇ ಆಗದೆ ಮೂರ್ಛೆ ಹೋಗುತ್ತಾರಂತೆ. ನಿನ್ನ ತಾತನನ್ನು ಕಡಲು ಕರೆದುಕೊಂಡಿತು ಅಂತ ಊರು ಇವತ್ತಿಗೂ ಹೇಳುತ್ತದೆ. ಅವತ್ತು ಕಡಲು ತಟ್ಟೆಗೆ ಸುರಿದ ಎಣ್ಣೆಯ ಹಾಗಿತ್ತು. ಹೆಣ ಸಿಕ್ಕಾಗ ಬಾಯಲ್ಲಿ ಸ್ನಾರ್ಕೆಲ್ ಕೊಳವೆ, ಕೈಯಲ್ಲಿ ಈಟಿ, ಈಟಿಯ ತುದಿಯಲ್ಲಿ ಮೀನು. ಒಬ್ಬರೇ ಹೋಗಿದ್ದರು. ಕಡಲಿಗೆ ಯಾಕೆ ಅಪವಾದ? ನನಗೆ ಇನ್ನೂ ಸಿಟ್ಟಿದೆ ಲೊವ್ರೆ.

ಅದಕ್ಕೇ ಮೇ ತಿಂಗಳಲ್ಲೇ ಕಟ್ಟೆಯ ಮೇಲೆ ನಿಂತು ಹೇಳಿದೆ: ಒಬ್ಬ ಕೆಳಗೆ ಹೋದರೆ ಒಬ್ಬ ಮೇಲೆ ಮುಖ ಮುಳುಗಿಸಿ ಕಾಯಬೇಕು, ದೋಣಿಯವರಿಗೆ ಕಾಣುವ ಹಾಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆ ತೇಲುತ್ತಿರಬೇಕು, ಬುಸುಗುಟ್ಟಿದವನು ಪಂದ್ಯದಿಂದ ಹೊರಗೆ. ಪಂದ್ಯ ನಡೆಸುವ ಜೋರ್ಜಿ ಹೊಟ್ಟೆ ಹಿಡಿದು ನಕ್ಕ. "ಮಂಡಿ ಮೇಲೆ ನೀರು ಬಂದ್ರೆ ಸಂತರನ್ನೆಲ್ಲ ಕೂಗೋಳು ನೀನು, ನಮ್ಗೆ ಹೇಳ್ಕೊಡೋಕೆ ಬಂದ್ಯಾ ಅತ್ತಿಗೇ? ಬುರುಡೆ ಪ್ರವಾಸಿಗಳಿಗೆ!" ಮಾತು ನಿಜ, ಅದಕ್ಕೇ ಉರಿಯಿತು. ನಮ್ಮ ಕಾಲದ ಹೆಂಗಸರಿಗೆ ಈಜು ಕಲಿಸಿದವರು ಯಾರು? ನಾನೂ ಬಿಡಲಿಲ್ಲ. "ಈಜು ಬರ್ತಿದ್ದ ನಿಮ್ಮಣ್ಣ ಎಲ್ಲಿದಾರೆ, ತೋರ್ಸು" ಅಂದೆ. ಟೋಪಿ ಸರಿಮಾಡಿಕೊಂಡು ಹೋದ. ಆದರೆ ನನ್ನ ಮಾತಿಗೆ ಹ್ಞೂಂ ಅನ್ನಲಿಲ್ಲ.

ಇಳಿಯಬೇಡ ಅಂದರೆ ನೀನೇನು ಕೇಳುವವನೇ? ತಾತನ ರಕ್ತ. ಸಂತ ರೋಕ್ ನಿನ್ನನ್ನು ಕಾಯಲಿ. ಅವನೊಬ್ಬನ ಮೇಲೇ ಭಾರ ಹಾಕಿ ಕೂರುವವಳು ನಾನಲ್ಲ.

ನಿನ್ನ ಅಜ್ಜಿ
ಪೆರಿನಾ

ಒಂದು ಮರೆತಿದ್ದೆ, ಅಂಚೆಯವಳು ಬಾಗಿಲಲ್ಲಿ ಕಾಯುತ್ತಿರುವಾಗ ನೆನಪಾಯಿತು. ಬರುವಾಗ ನೀರಿನಡಿ ನೋಡುವ ಮಾಸ್ಕ್ ಒಂದು ತಾ, ಸಣ್ಣ ಅಳತೆಯದು. ನೀನು ಬಿಟ್ಟುಹೋದದ್ದು ನನ್ನ ಕೆನ್ನೆಗೆ ಕೂರದೆ ನೀರು ಸೋರುತ್ತದೆ. ಜೋರ್ಜಿ ನಕ್ಕ ಮರುದಿನದಿಂದಲೇ ಯೆಲೆನಾ ಹತ್ತಿರ ಕಲಿಯುತ್ತಿದ್ದೇನೆ. ಈಗ ಕೊಲ್ಲಿಯ ನಡುವೆ ತೇಲಿಕೊಂಡು ತಳದ ಬಿಳಿಕಲ್ಲು ನೋಡುತ್ತೇನೆ. ಪಂದ್ಯದ ದಿನ ನೀನು ಕೆಳಗೆ ಹೋದರೆ, ಮೇಲೆ ತೋಮಾನ ಪಕ್ಕದಲ್ಲಿ ಇರುವವಳು ನಾನು. ತಲೆಗೂದಲು ಕತ್ತರಿಸಿಕೊಂಡು ಬರಬೇಡ, ಹಿಡಿದು ಎಳೆಯಲು ಬೇಕು.