ನೀಲಿ ಪರದೆಯಲ್ಲಿ ನಾನು ಒತ್ತಿದ್ದು

ಧನಶ್ರೀ,

ನೀವಿಬ್ಬರೂ ಏಳುವ ಮೊದಲೇ ಚಿತ್ತಾಪುರದ ಬಸ್ಸಿಗೆ ಹೊರಟಿದ್ದೇನೆ. ನಿನ್ನ ಅಣ್ಣ ಪಾಂಡುರಂಗ ಇಂದು ಚಿತ್ರ ಸರಿಯಾಗಿ ಮೂಡದ ನಿನ್ನ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ಯುವನಂತೆ. "ಲಿನಕ್ಸ್ ಗಿನಕ್ಸ್ ಬ್ಯಾಡ್ರಿ ಅಪ್ಪಾ, ಪುಕ್ಕಟ ವಿಂಡೋಸ್ ಹಾಕಿ ಕೊಡ್ತಾರ, ಯಾರ್ ಕೇಳ್ತಾರ?" ಎಂದ. ನಾನು ಕೇಳುತ್ತೇನೆ. ಲಿನಕ್ಸ್ ನ್ಯಾಯವಾಗಿಯೇ ಉಚಿತವಾಗಿ ಸಿಗುವಾಗ ಕದ್ದ ತಂತ್ರಾಂಶ ಈ ಮನೆಯೊಳಗೆ ಬರಕೂಡದು. ಮೇಲಾಗಿ, ಅವರು ಎಲ್ಲವನ್ನೂ ಅಳಿಸಿದರೆ ಸೋಮವಾರ ನೀನು ಸಂದರ್ಶನದಲ್ಲಿ ತೋರಿಸಬೇಕಾದ ಕಟ್ಟಡದ ನಕ್ಷೆಗಳೂ ಹೋಗುತ್ತವೆ. ಕೊಡಬೇಡ.

ದೋಷ ಯಂತ್ರದ್ದಲ್ಲ. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ತಂತ್ರಾಂಶ ಹಾಕಿ, ರೀಸ್ಟಾರ್ಟ್ ಕೊಟ್ಟು, "ಅಪ್ಪಾ, ಜರಾ ನೋಡ್ಕೋರಿ" ಎಂದು ಮೂರು ಸಲವೂ ನೀನು ಚಹಾ ಮಾಡಲು ಒಳಗೆ ಹೋದೆ. ಮೂರು ಸಲವೂ ನೀಲಿ ಪರದೆ ಬಂದು ನಿನ್ನ ಪಾಸ್‌ವರ್ಡ್ ಕೇಳಿತು. ಪರರ ಗುಟ್ಟಿಗೆ ಕೈಹಾಕಬಾರದೆಂದು ನಾನು ಏನೂ ಕೊಡದೆ ಹಿಂದಿನ ಆಯ್ಕೆಗಳಿಗೆ ಮರಳಿ "ಕಂಟಿನ್ಯೂ" ಒತ್ತಿದೆ. ನಿನಗೆ ಹೇಳಲೂ ಇಲ್ಲ. ನೀನು ಮುದ್ರಿಸಿಟ್ಟ ಸೂಚನೆಗಳನ್ನು ಇಂದು ಬೆಳಿಗ್ಗೆ ಓದಿದೆ. ಆ ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ನೀಡದಿದ್ದರೆ ಡ್ರೈವರ್ ಚಾಲೂ ಆಗುವುದೇ ಇಲ್ಲವಂತೆ.

ಆದ್ದರಿಂದ ಮತ್ತೊಮ್ಮೆ ಹಾಕು. ಈ ಸಲ ಕುರ್ಚಿ ಬಿಟ್ಟು ಏಳಬೇಡ. ನೀಲಿ ಪರದೆ ಹತ್ತೇ ಸೆಕೆಂಡು ಕಾಯುತ್ತದೆ. ಕೂಡಲೇ ಒಂದು ಕೀ ಒತ್ತಿ, ಒಪ್ಪಿಗೆ ಕೊಡುವ "ಎನ್‌ರೋಲ್" ಆರಿಸಿ, ನೀನೇ ಇಟ್ಟ ಪಾಸ್‌ವರ್ಡ್ ಕೊಡು. ಹಾಲು ಕಾಸಿಟ್ಟಿದ್ದೇನೆ, ಚಹಾ ಮೊದಲೇ ಮಾಡಿಕೊಂಡು ಕೂಡು.

ನಿನ್ನೆ ಊಟದ ಹೊತ್ತಿನಲ್ಲಿ "ಇಂಜಿನಿಯರ್ ಆದಾಕಿಗಿ ಇಷ್ಟೂ ಬರಂಗಿಲ್ಲೇನು?" ಎಂದು ಪಾಂಡುರಂಗನೆದುರು ನಿನ್ನನ್ನು ಹಂಗಿಸಿದೆ. ಆ ಮಾತನ್ನು ಅವನೆದುರೇ ಹಿಂತೆಗೆದುಕೊಳ್ಳಬೇಕು. ಸಂಜೆ ಐದರ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಅವನನ್ನು ಎಲ್ಲಿಗೂ ಹೋಗಗೊಡಬೇಡ.

ಅಪ್ಪ