ಮದ್ದು ಹೊಡೆಯದ ಸಾಲು

ನೀವು ತೋಟದಿಂದ ಬರುವಷ್ಟರಲ್ಲಿ ನಾನು ಸುಂಟಿಕೊಪ್ಪದಲ್ಲಿ ಮಡಿಕೇರಿ ಬಸ್ಸು ಹತ್ತಿರುತ್ತೇನೆ. ಡಾಕ್ಟರರನ್ನು ಕಂಡು ಸಂಜೆಗೆ ಬರುತ್ತೇನೆ.

ಕಡುಬು ಪಾತ್ರೆಯಲ್ಲಿದೆ, ಸಾರು ಬಿಸಿ ಮಾಡಿಕೊಳ್ಳಿ. ನಿಮ್ಮ ಅವ್ವನ ಕಾಫಿಗೆ ಬೆಲ್ಲ ಕಡಿಮೆ ಹಾಕಿ.

ಮಗುವಾಗಲೆಂದು ಡಾಕ್ಟರು ಮೊದಲು ಕೊಟ್ಟ ಬಿಳಿ ಮಾತ್ರೆಯನ್ನು ನಾನು ಬಿಡುವುದಿಲ್ಲ. ಅದರ ಜೊತೆಗೆ ಆಮೇಲೆ ಸೇರಿಸಿದ ಹಳದಿ ಮಾತ್ರೆಯನ್ನು ಹೇಗೆ ನಿಲ್ಲಿಸುವುದೆಂದು ಕೇಳಲು ಹೋಗುತ್ತಿದ್ದೇನೆ. ಅದನ್ನು ತಿನ್ನಲು ಶುರುಮಾಡಿದ ಮೇಲೆ ಮುಖ ಊದಿದೆ, ನಿದ್ದೆ ಹತ್ತುತ್ತಿಲ್ಲ. ನಿನ್ನೆ ಕೈಮೇಲೆ ಬಿಸಿ ಗಂಜಿ ಚೆಲ್ಲಿದಾಗ ಸುಮ್ಮನೆ ನೋಡುತ್ತ ನಿಂತಿದ್ದೆ. ಆ ಮಾತ್ರೆಯಿಂದ ಏನು ಉಪಯೋಗವೆಂದು ಹೋದ ಸಲ ಡಾಕ್ಟರರನ್ನು ಕೇಳಿದ್ದೆ. "ಕೆಲವರಿಗೆ ಮಗುವಾಗಿದೆಯಮ್ಮ, ಜೊತೆಗೆ ಇರಲಿ, ನಷ್ಟವೇನು" ಎಂದರು. ನೀವು ಪಕ್ಕದಲ್ಲಿ ತಲೆಯಾಡಿಸಿದಿರಿ.

ಕಾಫಿಯ ಎಲೆರೋಗಕ್ಕೆಂದು ಏಜೆಂಟ್ ಹೊಸ ಮದ್ದು ತಂದಾಗ ನೀವು ತಲೆಯಾಡಿಸಲಿಲ್ಲ. "ಇದರಿಂದಲೇ ರೋಗ ನಿಲ್ತದೆಂದು ಹೇಗೆ ಗೊತ್ತಾಗುವುದು? ಒಂದು ಸಾಲಿಗೆ ಹೊಡೆಯದೆ ಬಿಡ್ತೇನೆ ಮಾರಾಯ, ಆಮೇಲೆ ನೋಡುವ" ಎಂದಿರಿ. ಹೊಡೆದ ಕಡೆಯೂ ಬಿಟ್ಟ ಕಡೆಯೂ ರೋಗ ಒಂದೇ ಥರ ಬಂತು. ಆ ಡಬ್ಬ ಇನ್ನೂ ಕಣದ ಮೂಲೆಯಲ್ಲಿ ಬಿದ್ದಿದೆ.

ಕೋಪದಿಂದ ಬರೆಯುತ್ತಿಲ್ಲ. ಕೋಪವೂ ಈಗ ಬರುವುದಿಲ್ಲ.

ಅವ್ವ ಕೇಳಿದರೆ ಇದ್ದದ್ದನ್ನೇ ಹೇಳಿ. ಮಗುವಾಗಲೆಂದು ಅವರು ಕೊಡುತ್ತಿದ್ದ ಲೇಹ್ಯವನ್ನೂ ನಾನು ನಿಲ್ಲಿಸಿದ್ದೇನೆ.

ಬರುವ ಮನಸ್ಸಾದರೆ ಮುಂದಿನ ಬಸ್ಸಿಗೆ ಬನ್ನಿ, ಆಸ್ಪತ್ರೆಯ ಜಗಲಿಯಲ್ಲಿ ಕಾದಿರುತ್ತೇನೆ. ಆದರೆ ಒಳಗೆ ಬಂದು ತಲೆಯಾಡಿಸಬೇಡಿ. ಏಜೆಂಟನನ್ನು ಕೇಳಿದ ಹಾಗೆ ಡಾಕ್ಟರರನ್ನೂ ಕೇಳಿ.

ಬೊಳ್ಳಮ್ಮ