ತೌನೋನ ಬೈಕು ಮಲಗಿಸುವ ದಿನ

ನುರ್ಮೆಸ್
ಅಕ್ಟೋಬರ್ ಹದಿನೆಂಟು

ಮೆರ್ವಿಗೆ,

‘ಪ್ರೀತಿಯ’ ಅಂತ ಶುರು ಮಾಡಿ ಎರಡು ಹಾಳೆ ಹರಿದು ಒಲೆಗೆ ಹಾಕಿದೆ. ಬರೀ ಹೆಸರೇ ಇರಲಿ. ‘ನೀವು’ ಅಂತ ಬರೆಯುವ ಯೋಚನೆಯೂ ಇತ್ತು, ಆದರೆ ನನ್ನ ಗಂಡನನ್ನು ಕಟ್ಟಿಕೊಂಡವಳಿಗೆ ಬಹುವಚನ ಬೇರೆ ಕೊಡಬೇಕೇ ಅನ್ನಿಸಿತು. ‘ನೀನು’ ಅಂತಲೇ ಬರೆಯುತ್ತೇನೆ. ಬೇಜಾರಾದರೆ ಆಗಲಿ.

ಫೋನ್ ಮಾಡಿದರೆ ನಾನು ಎತ್ತುವುದಿಲ್ಲ, ಅದಕ್ಕೇ ಪತ್ರ ಅಂದಿದ್ದೀಯ. ನಿಜ, ನಿನ್ನ ನಂಬರು ಕಂಡರೆ ಎತ್ತುವುದಿಲ್ಲ. ಬೇಟೆ ಶುರುವಾಗುವ ಮುಂಚೆ ಅಟ್ಟಣೆ ರಿಪೇರಿಗೆ ಹತ್ತಿದ ತೌನೊ ಜಾರಿ ಕಾಲು ಮುರಿದುಕೊಂಡ ಸುದ್ದಿ ನಿನ್ನ ಪತ್ರಕ್ಕಿಂತ ಮೊದಲೇ ನನಗೆ ಬಂದಿತ್ತು. ಅವನ ಬೇಟೆ ಗುಂಪಿನ ಗೆಳೆಯನ ಹೆಂಡತಿ ಸಿಲ್ವಿಯ ಬಾಯಲ್ಲಿ ಯಾವ ಮಾತು ನಿಲ್ಲುತ್ತದೆ ಹೇಳು. ಇಬ್ಬನಿ ಹೆಪ್ಪುಗಟ್ಟಿದ ಮೆಟ್ಟಿಲಲ್ಲಿ ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು ಹಿಡಿದು ಇಳಿಯಬೇಡವೋ ಮಾರಾಯ ಅಂತ ಮದುವೆಯಾಗಿದ್ದ ಅಷ್ಟೂ ವರ್ಷ ಬಡಕೊಂಡಿದ್ದೇನೆ. ನಿನ್ನ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂತ ಗೊತ್ತಾಗಿ ನನಗೆ ಸ್ವಲ್ಪ ಖುಷಿಯೇ ಆಯಿತು. ಕಾಲು ಮುರಿದದ್ದಕ್ಕಲ್ಲ, ಇದಕ್ಕೆ.

ಈಗ ನಿನ್ನ ವಿಷಯ. ಮೂರು ವರ್ಷದಿಂದ ಅಕ್ಟೋಬರ್ ಬಂತೆಂದರೆ ತೌನೊ ಬೈಕನ್ನು ನುರ್ಮೆಸ್ಸಿನ ಒಂದು ವರ್ಕ್‌ಶಾಪಿನಲ್ಲಿ ಬಿಟ್ಟು ಸಂಜೆ ರೈಲಿಗೆ ನಿಮ್ಮೂರು ಲಿಯೆಕ್ಸಾಗೆ ವಾಪಸ್ ಬರುತ್ತಿದ್ದ, ಮೇ ತಿಂಗಳಲ್ಲಿ ಹೋಗಿ ತರುತ್ತಿದ್ದ. ಆ ವರ್ಕ್‌ಶಾಪು ಅಂದರೆ ನನ್ನ ಮನೆಯ ಹಿಂದಿನ ಶೆಡ್ಡು ಅಂತ ನಿನಗೆ ಹೋದ ವಾರ ಗೊತ್ತಾಯಿತು. ಇನ್ನು ಮೇಲೆ ಬೈಕು ನಿಮ್ಮ ಮನೆಯಲ್ಲೇ ಇರುತ್ತದೆ, ನೀನೇ ನಿನ್ನ ಕೈಯಾರೆ ಚಳಿಗಾಲಕ್ಕೆ ಮಲಗಿಸುತ್ತೀಯ, ಹೇಗೆ ಅಂತ ನಾನು ಬರೆದು ಕಳಿಸಬೇಕು ಅಂದಿದ್ದೀಯ. ಇದನ್ನು ಓದಿ ನನ್ನ ಮೈ ಉರಿದುಹೋಯಿತು. ಕೇಳುವುದನ್ನೂ ಎಷ್ಟು ಚೆಂದ ಕೇಳಿದ್ದೀಯ! ಕಟಿಂಗ್ ಅಂಗಡಿಯಲ್ಲಿ ಕತ್ತರಿ ಹಿಡಿದವಳು ತಾನೇ, ಎಲ್ಲಿ ಕತ್ತರಿಸಬೇಕು ಅಂತ ಚೆನ್ನಾಗಿ ಗೊತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತೌನೊ ನಿನಗೆ ಸುಳ್ಳು ಹೇಳಿಲ್ಲ. ನನ್ನ ಶೆಡ್ಡೂ ವರ್ಕ್‌ಶಾಪೇ. ಅರ್ಧ ನುರ್ಮೆಸ್ಸಿನ ಮರ ಕೊಯ್ಯುವ ಗರಗಸ, ಹಿಮದ ಮೇಲೆ ಓಡಿಸುವ ಗಾಡಿ, ದೋಣಿಯ ಮೋಟರು ಎಲ್ಲ ಇಲ್ಲೇ ರಿಪೇರಿಯಾಗುವುದು. ವರ್ಷಕ್ಕೆ ಆ ಒಂದು ದಿನ, ಮತ್ತೆ ಮೇ ತಿಂಗಳಲ್ಲಿ ಬೈಕು ಒಯ್ಯುವ ಐದು ನಿಮಿಷ ಬಿಟ್ಟರೆ ನಾನು ಅವನ ಮುಖ ನೋಡುವುದಿಲ್ಲ. ನಿನ್ನ ಮನಸ್ಸಿಗೆ ಸಮಾಧಾನವಾಗಲಿ ಅಂತ ಬರೆಯುತ್ತಿದ್ದೇನೆ.

ಸರಿ, ಕೇಳು. ನಿನಗೆ ಬೈಕ್ ಓಡಿಸಲು ಬರುವುದಿಲ್ಲ, ಹಿಂದೆ ಕೂರಲು ಮಾತ್ರ ಬರುತ್ತದೆ ಅಂತ ಗೊತ್ತು. ಡಬ್ಬಿಯಲ್ಲಿ ಪೆಟ್ರೋಲ್ ತರಿಸಿ ಟ್ಯಾಂಕನ್ನು ಕಂಠದವರೆಗೆ ತುಂಬಿಸು. ಅರ್ಧ ಬಿಟ್ಟರೆ ಮೇಲಿನ ಖಾಲಿ ಜಾಗದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕೆಡದಿರಲು ಬೆರೆಸುವ ಔಷಧಿ ಬಂಕಿನಲ್ಲಿ ಸಿಗುತ್ತದೆ, ನಾಚದೆ ಕೇಳು. ಆಮೇಲೆ ಅಂಗಳದಲ್ಲೇ ಸ್ಟಾರ್ಟ್ ಮಾಡಿ ಎಂಜಿನ್ ಬಿಸಿಯಾಗುವವರೆಗೆ ಬಿಡು, ಔಷಧಿ ಕಾರ್ಬುರೇಟರಿನ ಒಳಗೂ ಹೋಗಬೇಕು. ಎಂಜಿನ್ ಬಿಸಿ ಇರುವಾಗಲೇ ಕೆಳಗಿನ ಬೋಲ್ಟು ಬಿಚ್ಚಿ ಹಳೆ ಆಯಿಲ್ ಇಳಿಸಿ ಹೊಸದು ಹಾಕು. ಉದ್ದ ಉಗುರಿಗೆ ಬಣ್ಣ ಹಚ್ಚಿಕೊಂಡು ಈ ಕೆಲಸಕ್ಕೆ ಇಳಿಯಬೇಡ, ಒಂದು ವಾರ ಕಪ್ಪು ಹೋಗುವುದಿಲ್ಲ. ಮತ್ತೆ ಚಳಿಗಾಲವಿಡೀ ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಒಂದೈದು ನಿಮಿಷ ಓಡಲು ಬಿಟ್ಟು ಆರಿಸು. ಎಂಜಿನ್ನಿಗೆ ಒಳ್ಳೆಯದು.

ಆಮೇಲೆ ಹಿಂದಿನ ಚಕ್ರದ ಸ್ಪ್ರಿಂಗು. ಇದನ್ನು ಬರೆಯಲೋ ಬೇಡವೋ ಅಂತ ಪೆನ್ನು ಕೆಳಗಿಟ್ಟು ಕೂತಿದ್ದೆ. ಇಬ್ಬರು ಕೂರುವುದಾದರೆ ಆ ಸ್ಪ್ರಿಂಗನ್ನು ಬಿಗಿ ಮಾಡಬೇಕು, ಒಬ್ಬನೇ ಆದರೆ ಸಡಿಲ. ನಾನು ಇದ್ದಷ್ಟು ದಿನ ಆ ಬೈಕಿನ ಸ್ಪ್ರಿಂಗು ಸಡಿಲವೇ ಇತ್ತು. ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗೋಣ ಅಂತ ಅವನಿಗೂ ಅನ್ನಿಸಲಿಲ್ಲ, ನನಗೂ ಕೇಳಬೇಕು ಅನ್ನಿಸಲಿಲ್ಲ. ನಿನ್ನ ಕಡೆಗೆ ಹೋದ ಮೇಲೆ ಮೊದಲನೇ ವರ್ಷ ಶೆಡ್ಡಿಗೆ ತಂದಾಗ ನೋಡುತ್ತೇನೆ, ಕೊನೆಯ ಹಲ್ಲಿನವರೆಗೆ ಬಿಗಿ! ಬೇಸಿಗೆಯೆಲ್ಲ ಎಲ್ಲೆಲ್ಲಿ ಸುತ್ತಿದಿರೋ! ನಾನು ಸ್ಪ್ಯಾನರ್ ಹಾಕಿ ಪೂರ್ತಿ ಸಡಿಲ ಮಾಡಿದೆ. ತೌನೊ ನೋಡುತ್ತ ಕೂತಿದ್ದ. ಮಲಗಿಸುವ ಬೈಕಿಗೆ ಅದು ಬೇಕಾಗಿಯೇ ಇಲ್ಲ ಕಣೇ. ನಿನ್ನನ್ನು ಸೀಟಿನಿಂದ ಇಳಿಸಿದಷ್ಟು ಸಂತೋಷ ಆಗುತ್ತಿತ್ತು, ಅದಕ್ಕೆ ಪ್ರತಿ ವರ್ಷ ಮಾಡುತ್ತಿದ್ದೆ. ನೀನು ಮುಟ್ಟಬೇಡ, ಹಾಗೇ ಬಿಡು.

ಹೌದು, ನನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ, ನಿನ್ನ ಮುಂದೆ ಹೇಳಬೇಕಾಗಿ ಬಂತು ನೋಡು. ಇರುವ ನಾಲ್ಕು ಕೂದಲಿಗೆ ತಿಂಗಳಿಗೆ ಎರಡೆರಡು ಸಲ ಲಿಯೆಕ್ಸಾದ ನಿನ್ನ ಅಂಗಡಿಗೆ ಕಟಿಂಗಿಗೆ ಹೋಗುತ್ತಿದ್ದನಲ್ಲ, ನಾನೆಂಥ ಪೆದ್ದಿ, ಸದ್ಯ ಗಂಡ ನೀಟಾಗಿ ಇರುವುದು ಕಲಿತ ಅಂತ ಸಿಲ್ವಿಯ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಹೋದ ಬೇಸಿಗೆಯಲ್ಲಿ ಕೆರೆ ದಂಡೆಯ ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಮ್ಮಿಬ್ಬರನ್ನು ನೋಡಿದೆ. ಬೈಕಿನಿಂದ ಇಳಿದ ಮೇಲೂ ನೀನು ಅವನ ಜಾಕೆಟ್ಟಿನ ಜೇಬಿನೊಳಗೆ ಕೈ ಇಟ್ಟುಕೊಂಡೇ ನಿಂತಿದ್ದೆ. ಇದೇನು ನಿಂಗೆ ಜೇಬಿಲ್ವಾ ಅಂತ ಕೂಗಿ ಕೇಳಬೇಕು ಅನ್ನಿಸಿತು. ಅಲ್ಲಿಂದ ಸೀದಾ ಮನೆಗೆ ಬಂದೆ, ಕೊಳ್ಳಬೇಕಾಗಿದ್ದ ಮೀನೂ ಕೊಳ್ಳಲಿಲ್ಲ.

ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಒಣಗಿಸಿ ಗ್ರೀಸ್ ಹಚ್ಚು. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ತೂತಿಗೂ ಒಂದು ಚಮಚ ಆಯಿಲ್ ಬಿಟ್ಟು, ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಮತ್ತೆ ಪ್ಲಗ್ ಹಾಕು. ಸೈಲೆನ್ಸರಿನ ಬಾಯಿಗೆ ಆಯಿಲ್ ಬಟ್ಟೆ ತುರುಕು, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ಒಂದು ಸಲ ಮರೆತಿದ್ದೆ. ಮೇ ತಿಂಗಳಲ್ಲಿ ಸ್ಟಾರ್ಟ್ ಮಾಡಿದಾಗ ನಾರು, ಹತ್ತಿ, ಯಾರದೋ ಕೈಗವಸಿನ ಉಣ್ಣೆ ಎಲ್ಲ ಹಿಂದಿನಿಂದ ಹಾರಿ ನನ್ನ ಅತ್ತೆಯ ತೊಳೆದ ಬಟ್ಟೆಗಳ ಮೇಲೆ ಕೂತಿತು. ತೌನೊ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಿದ್ದ. ನಿನ್ನ ಜೊತೆ ಹಾಗೆ ನಗುತ್ತಾನಾ? ಉತ್ತರ ಬರೆಯಬೇಡ.

ಪ್ಲಾಸ್ಟಿಕ್ ಮಾತ್ರ ಹೊದಿಸಬೇಡ, ಒಳಗೆ ಬೆವರಿ ಕೆಡುತ್ತದೆ. ಬಟ್ಟೆ ಹೊದಿಸು. ಇಲ್ಲಿ ನಾನು ಹೊದಿಸುತ್ತಿದ್ದುದು ನನ್ನ ತಾಯಿ ನನ್ನ ಮದುವೆಗೆ ಅಂತ ಕೈಮಗ್ಗದಲ್ಲಿ ನೇಯ್ದ ನಾರುಬಟ್ಟೆಯ ದುಪ್ಪಟಿ. ಅದನ್ನು ಕಳಿಸುವುದಿಲ್ಲ. ನಿನ್ನ ಮನೆಯಲ್ಲಿ ದುಪ್ಪಟಿಗಳಿಗೇನು ಕಮ್ಮಿಯಿರಲಾರದು.

ಆ ದಿನ ಇಲ್ಲಿ ಏನು ನಡೆಯುತ್ತಿತ್ತು ಅಂತ ನೀನು ಕೇಳಿಲ್ಲ. ಕೇಳಬೇಕು ಅಂತ ನಾಲಿಗೆ ತುದಿಯವರೆಗೆ ಬಂದಿದೆ, ನಿನ್ನ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಹೇಳುತ್ತೇನೆ. ಅವನು ಬೆಳಿಗ್ಗೆ ಬರುತ್ತಿದ್ದ. ನಾನು ರೈ ಧಾನ್ಯದ ಹಿಟ್ಟಿನೊಳಗೆ ಅನ್ನ ತುಂಬಿದ ಪೀರಕ್ಕ ಬೇಯಿಸಿ, ಮೇಲೆ ಹಚ್ಚಲು ಮೊಟ್ಟೆ ಕಲಸಿದ ಬೆಣ್ಣೆ ಮಾಡಿ ಇಟ್ಟಿರುತ್ತಿದ್ದೆ. ನಾನು ಕೆಲಸ ಮಾಡುತ್ತಿದ್ದೆ, ಅವನು ಸ್ಟೂಲಿನ ಮೇಲೆ ಕೂತು ತಿನ್ನುತ್ತಿದ್ದ. ಮಂಡಿ ನೋವು, ಯಾರ ದೋಣಿ ಮಾರಾಟವಾಯಿತು, ನಮ್ಮ ಹಳೆ ನಾಯಿಗೆ ಕಣ್ಣು ಹೋದದ್ದು, ಇಂಥವೇ ಮಾತು. ನಿನ್ನ ಹೆಸರು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಹೋದ ವರ್ಷ ಇದ್ದಕ್ಕಿದ್ದ ಹಾಗೆ, ಐರಾ, ಒಬ್ಳೇ ಇರೋಕೆ ಬೇಜಾರಾಗಲ್ವೇನೇ ಅಂದ. ಆ ಸಣ್ಣ ಸ್ಪ್ಯಾನರ್ ಕೊಡು ಅಂದೆ. ಅವನು ಕೊಟ್ಟದ್ದು ದೊಡ್ಡದು. ನಾನು ಅದನ್ನೇ ಹಿಡಿದುಕೊಂಡು ಬೈಕಿನ ಆ ಬದಿಗೆ ಹೋಗಿ ಕೂತೆ.

ಇದರಲ್ಲಿ ನನ್ನನ್ನು ತಿನ್ನುವ ಸಂಗತಿ ಯಾವುದು ಗೊತ್ತಾ? ಮದುವೆಯಾಗಿದ್ದ ಇಪ್ಪತ್ತೆರಡು ವರ್ಷ ಬೈಕು ಮಲಗಿಸಿದ್ದು ನಾನೊಬ್ಬಳೇ. ಮೂಸ್ ಜಿಂಕೆ ಬೇಟೆಯ ಕಾಲವೂ ಬೈಕು ಮಲಗಿಸುವ ಕಾಲವೂ ನಮ್ಮ ಕಡೆ ಒಟ್ಟಿಗೇ ಬರುತ್ತವಲ್ಲ. ಅವನು ಬಂದೂಕು ಹೆಗಲಿಗೇರಿಸಿ, ಐರಾ, ಬೈಕು ನೋಡ್ಕೋ ಅಂತ ಹೋಗುತ್ತಿದ್ದ. ಸಂಜೆ ಬಂದು ಸೌನಾದ ಬಿಸಿ ಹಬೆಯಲ್ಲಿ ಕೂತು, ಮುಗೀತಾ ಅನ್ನುತ್ತಿದ್ದ. ಒಂದು ದಿನವೂ ಪಕ್ಕದಲ್ಲಿ ಕೂತವನಲ್ಲ. ನಿನ್ನವನಾದ ಮೇಲೆ, ಬೇಟೆಯ ಮೊದಲ ದಿನ ಬಿಟ್ಟು ಬಂದು ಸಂಜೆಯವರೆಗೆ ನನ್ನ ಶೆಡ್ಡಿನಲ್ಲಿ ಕೂರುತ್ತಿದ್ದ. ಬೇಟೆಯ ಮೊದಲ ದಿನ ಬಿಡುವುದು ಅಂದರೆ ಏನು ಅಂತ ನಿನಗೂ ಗೊತ್ತು. ಹೆಂಡತಿಯಾಗಿದ್ದಾಗ ಸಿಗದ ಗಂಡ ನನಗೆ ಆ ಒಂದು ದಿನ ಸಿಗುತ್ತಿದ್ದ ಮೆರ್ವಿ. ಅದನ್ನೇ ನೀನು ಬರೆದು ಕಳಿಸು ಅಂತ ಕೇಳುತ್ತಿರುವುದು. ಕೆಲಸ ನಿನಗೆ ಬಂದುಬಿಟ್ಟರೆ ಅವನು ಇಲ್ಲಿಗೆ ಯಾವ ಮುಖ ಇಟ್ಟುಕೊಂಡು ಬರುತ್ತಾನೆ?

ಇಲ್ಲಿಯವರೆಗೆ ಬರೆದು ಎದ್ದುಹೋಗಿದ್ದೆ. ಸೌದೆ ಒಡೆದೆ, ಕಾಫಿ ಕುಡಿದೆ, ಬಂದು ಮತ್ತೆ ಕೂತಿದ್ದೇನೆ. ಮೇಲೆ ಒಂದು ಕಡೆ, ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಅಂತ ಬರೆದಿದ್ದೇನಲ್ಲ, ಅದನ್ನು ಹೊಡೆದು ಹಾಕು. ಖಂಡಿತ ಮಾಡಬೇಡ. ಆ ಚಳಿಯಲ್ಲಿ ಐದು ನಿಮಿಷ ಓಡಿಸಿ ಆರಿಸಿದರೆ ಎಂಜಿನ್ನು, ಸೈಲೆನ್ಸರು ಎರಡರ ಒಳಗೂ ನೀರಿಳಿದು ಕೂರುತ್ತದೆ, ಒಳಗೊಳಗೇ ಕೊರೆಯುತ್ತದೆ. ನಮ್ಮ ಕಡೆ ಅರ್ಧ ಜನ ಬೈಕಿನ ಮೇಲೆ ಪ್ರೀತಿ ಜಾಸ್ತಿಯಾಗಿ ಈ ತಪ್ಪು ಮಾಡುತ್ತಾರೆ. ನಾನು ಗೊತ್ತಿದ್ದೂ ಬರೆದೆ. ಮೇ ತಿಂಗಳಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತುಹೋಗಲಿ, ನೀನು ತಲೆ ಮೇಲೆ ಕೈ ಹೊತ್ತು ಕೂರುವಂತಾಗಲಿ, ತೌನೊ ಕುಂಟಿಕೊಂಡು ಐರಾ ಅಂತ ಇಲ್ಲಿಗೆ ಬರಲಿ ಅಂತ. ಕಣ್ಣಿಗೆ ಕಟ್ಟಿದ ಹಾಗೆ ಕಂಡಿತ್ತು. ಆದರೆ ಆ ಎಂಜಿನ್ನಿಗೆ ಹಾಗೆ ಮಾಡಲು ನನ್ನಿಂದ ಆಗುವುದಿಲ್ಲ. ನಿನ್ನ ಮೇಲೆ ಕರುಣೆ ಬಂತು ಅಂತ ತಿಳಿಯಬೇಡ.

ಮಿಕ್ಕಿದ್ದೆಲ್ಲ ಸರಿಯಾಗಿದೆ. ಗಾಳಿ ಸ್ವಲ್ಪ ಜಾಸ್ತಿ ತುಂಬಿಸು, ಸ್ಟ್ಯಾಂಡಿನ ಮೇಲೆ ನಿಲ್ಲಿಸು, ಚಕ್ರದ ಕೆಳಗೆ ಹಲಗೆ ಇಡು. ಹಿಮ ಬೀಳುವುದಕ್ಕೆ ಮುಂಚೆ ಮುಗಿಸು, ಆಕಾಶ ನೋಡಿದರೆ ಜಾಸ್ತಿ ದಿನ ಇಲ್ಲ. ತೌನೊ ಊರುಗೋಲು ಹಿಡಿದು ಪಕ್ಕದಲ್ಲಿ ಕೂತರೆ ಕೂರಲಿ, ಸ್ಪ್ಯಾನರ್ ಮಾತ್ರ ಅವನನ್ನು ಕೇಳಬೇಡ. ಮೇ ತಿಂಗಳಲ್ಲಿ ಮೊದಲನೇ ಒದೆತಕ್ಕೇ ಸ್ಟಾರ್ಟ್ ಆಗುತ್ತದೆ. ನಾನು ಹೇಳಿಕೊಟ್ಟೆ ಅಂತ ಅವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನಗೆ ಯಾವ ಸಂಬಂಧವೂ ಇಲ್ಲದ,
ಐರಾ

ಮರೆತಿದ್ದು: ಬ್ಯಾಟರಿಯ ವಿಷಯ ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟೆ. ವರ್ಷಕ್ಕೊಂದು ದಿನ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಬ್ಯಾಟರಿಯನ್ನು ಬಿಚ್ಚಿ ಬೆಚ್ಚಗಿನ ಮನೆಯೊಳಗೆ ಇಡಬೇಕು. ಮೂರು ಚಳಿಗಾಲ ಅದು ಇದ್ದದ್ದು ನನ್ನ ಅಡುಗೆಮನೆಯಲ್ಲಿ. ಪ್ರತಿ ತಿಂಗಳ ಮೊದಲ ಭಾನುವಾರ ತೌನೊ ನಿನಗೆ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಹೋಗುತ್ತೇನೆ ಅಂತ ಹೇಳಿ, ಬ್ಯಾಟರಿಗೆ ಚಾರ್ಜ್ ಹಾಕಬೇಕು ಅಂತ ಇಲ್ಲಿಗೆ ಬರುತ್ತಿದ್ದ. ನೀನು ಹುರಿದು ಬಡಿಸಿದ್ದು ನನ್ನ ಪಕ್ಕದ ಮನೆಯವರು ಹಿಡಿದ ಮೀನು. ಈ ಪತ್ರದ ಜೊತೆ ಪೆಟ್ಟಿಗೆಯಲ್ಲಿ ಇರುವುದು ಆ ಚಾರ್ಜರು. ಗೋಡೆಗೆ ಸಿಕ್ಕಿಸಿ ಬಿಟ್ಟುಬಿಡು. ತುಂಬಿದಾಗ ತಾನೇ ನಿಲ್ಲುತ್ತದೆ, ಬೇಕಾದಾಗ ತಾನೇ ಶುರುವಾಗುತ್ತದೆ, ಯಾರೂ ಬಂದು ನೋಡಬೇಕಾಗಿಲ್ಲ. ಕೊಂಡ ದಿನವೇ ಅಂಗಡಿಯವನು ಅದನ್ನು ನನಗೂ ತೌನೊಗೂ ಹೇಳಿದ್ದ.